ಜೇನುಪೆಟ್ಟಿಗೆಯ ಅಳತೆ ಆರಿಸುವ ಕ್ರಮ: ತುಡುವೆಗೆ ಯಾವುದು, ಮೆಲ್ಲಿಫೆರಾಕ್ಕೆ ಯಾವುದು?

ಜೇನು ಸಾಕಲು ಹೊರಟವರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದೇ: "ಎಂಟು ಚೌಕಟ್ಟಿನ ಪೆಟ್ಟಿಗೆ ಕೊಳ್ಳಬೇಕೋ, ಹತ್ತು ಚೌಕಟ್ಟಿನದೋ?" ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಿದರೆ ಕೇಳಿದವರಿಗೆ ಅನ್ಯಾಯವಾಗುತ್ತದೆ. ಯಾವ ಜೇನಿಗೆ ಪೆಟ್ಟಿಗೆ ಬೇಕು, ಚೌಕಟ್ಟಿನ ಉದ್ದ ಮತ್ತು ಎತ್ತರ ಎಷ್ಟು ಎಂಬುದು ಮೊದಲು ನಿಶ್ಚಯವಾಗಬೇಕು. ಎಂಟೋ ಹತ್ತೋ ಎಂಬುದು ಆಮೇಲಿನ ಮಾತು. ನಮ್ಮ ನಾಡಿನ ಜೇನಾದ ತುಡುವೆಯ ಎಂಟು ಚೌಕಟ್ಟಿನ ಪೆಟ್ಟಿಗೆಗೂ ಯುರೋಪಿನ ಮೂಲದ ಜೇನಾದ ಮೆಲ್ಲಿಫೆರಾದ ಎಂಟು ಚೌಕಟ್ಟಿನ ಪೆಟ್ಟಿಗೆಗೂ ಒಳಗಿನ ಎರಿಯ ವಿಸ್ತಾರದಲ್ಲಿ ಸುಮಾರು ಮೂರು ಪಟ್ಟು ವ್ಯತ್ಯಾಸವಿದೆ.

ಈ ಲೇಖನವನ್ನು ಮುಖ್ಯವಾಗಿ ಮಲೆನಾಡು, ಕರಾವಳಿ ಮತ್ತು ಬಯಲುಸೀಮೆಯಲ್ಲಿ ಎರಡರಿಂದ ಹತ್ತು ಪೆಟ್ಟಿಗೆಗಳೊಂದಿಗೆ ಆರಂಭಿಸುವವರನ್ನು ಮನಸ್ಸಿನಲ್ಲಿಟ್ಟು ಬರೆದಿದೆ. ಹಣ ಕೊಡುವ ಮೊದಲು ಇದನ್ನು ಕೊನೆಯವರೆಗೆ ಓದಿ. ಪೆಟ್ಟಿಗೆ ಕೊಂಡ ಮೇಲೆ ಅಳತೆ ಬದಲಾಯಿಸುವುದು ಖರ್ಚಿನ ಕೆಲಸ ಮಾತ್ರವಲ್ಲ, ಒಳಗಿರುವ ಜೇನು ಕುಟುಂಬಕ್ಕೂ ಹಿಂಸೆಯ ಕೆಲಸ.

ಮೊದಲು ಕೆಲವು ಪದಗಳು

ಪೆಟ್ಟಿಗೆಯ ತಳದಲ್ಲಿ ಅಡಿಹಲಗೆ ಇರುತ್ತದೆ. ಅದರ ಮೇಲೆ ಕೂರುವುದು ಸಂಸಾರ ಕೋಣೆ. ರಾಣಿ ಮೊಟ್ಟೆ ಇಡುವುದೂ ಮರಿಗಳು ಬೆಳೆಯುವುದೂ ಇಲ್ಲಿಯೇ. ಅದರ ಮೇಲಿನದು ಜೇನು ಕೋಣೆ, ಅನೇಕರು ಇದನ್ನು ಸೂಪರ್ ಎಂದೇ ಕರೆಯುತ್ತಾರೆ. ನಾವು ತೆಗೆದುಕೊಳ್ಳುವ ಜೇನುತುಪ್ಪ ಇರುವುದು ಇಲ್ಲಿ. ಇವುಗಳ ಮೇಲೆ ಒಳಮುಚ್ಚಳ, ಹೊರಮುಚ್ಚಳ. ಎರಡೂ ಕೋಣೆಗಳೊಳಗೆ ತೂಗುಬಿಟ್ಟಿರುವ ಮರದ ಆಯತಗಳೇ ಚೌಕಟ್ಟುಗಳು ಅಥವಾ ಫ್ರೇಮುಗಳು, ನೊಣಗಳು ಮೇಣದ ಎರಿ ಕಟ್ಟುವುದು ಅವುಗಳೊಳಗೆ. ಚೌಕಟ್ಟಿನ ಮೇಲಿನ ಕಡ್ಡಿಯನ್ನು ಮೇಲ್ಪಟ್ಟಿ, ಎರಡು ಬದಿಯವನ್ನು ಪಕ್ಕದ ಪಟ್ಟಿ ಎಂದು ಈ ಲೇಖನದಲ್ಲಿ ಕರೆದಿದ್ದೇನೆ.

ಇನ್ನೊಂದು ಪದ ಜೇನುಸಂದು. ನೊಣಗಳು ಓಡಾಡಲೆಂದು ಚೌಕಟ್ಟಿನ ಸುತ್ತ ಬಿಡುವ ಖಾಲಿ ಜಾಗ ಇದು. ತುಡುವೆಗೆ ಸುಮಾರು 7ರಿಂದ 8 ಮಿಲಿಮೀಟರ್, ಮೆಲ್ಲಿಫೆರಾಕ್ಕೆ 9 ಮಿಲಿಮೀಟರ್‌ನ ಆಸುಪಾಸು. ಇದಕ್ಕಿಂತ ಕಿರಿದಾದರೆ ನೊಣ ನುಸುಳಲಾರದು ಮತ್ತು ಆ ಜಾಗವನ್ನು ಅಂಟಿಸಿ ಮುಚ್ಚುತ್ತದೆ, ಅಗಲವಾದರೆ ಅಲ್ಲಿಯೂ ಒಂದು ಎರಿ ಕಟ್ಟಿಬಿಡುತ್ತದೆ. ಅಮೆರಿಕದ ಲ್ಯಾಂಗ್‌ಸ್ಟ್ರಾತ್ 1851ರಲ್ಲಿ ಈ ಸಂದಿನ ಮಹತ್ವವನ್ನು ಗುರುತಿಸಿ, ಅದರ ಆಧಾರದ ಮೇಲೆ ಚೌಕಟ್ಟುಗಳನ್ನು ಎತ್ತಿ ತೆಗೆಯಬಹುದಾದ ಪೆಟ್ಟಿಗೆಯನ್ನು ರೂಪಿಸಿದರು. ಇಂದು ಬಳಕೆಯಲ್ಲಿರುವ ಎಲ್ಲ ಚೌಕಟ್ಟಿನ ಪೆಟ್ಟಿಗೆಗಳೂ ಈ ಸಂದಿನ ಮೇಲೆಯೇ ನಿಂತಿವೆ. ಪೆಟ್ಟಿಗೆ ಕೆಡುವುದೂ ಬಹುತೇಕ ಇಲ್ಲಿಯೇ.

ಹಂತ 1: ಯಾವ ಜೇನು ಎಂದು ಮೊದಲು ನಿರ್ಧರಿಸಿ

ನಮ್ಮಲ್ಲಿ ಚೌಕಟ್ಟಿನ ಪೆಟ್ಟಿಗೆಯಲ್ಲಿ ಸಾಕುವ ಜೇನು ಎರಡೇ. ಒಂದು, ಮರದ ಪೊಟರೆ, ಹುತ್ತ, ಗೋಡೆಯ ಸಂದುಗಳಲ್ಲಿ ಗೂಡು ಕಟ್ಟುವ ನಮ್ಮದೇ ತುಡುವೆ. ಇನ್ನೊಂದು, ಯುರೋಪಿನ ಮೂಲದ ಮೆಲ್ಲಿಫೆರಾ. ಹೆಜ್ಜೇನು ಮತ್ತು ಕೋಲುಜೇನು ಬಯಲಿನಲ್ಲಿ ಒಂದೇ ಎರಿ ಕಟ್ಟಿ ಬದುಕುವಂಥವು. ಅವನ್ನು ಯಾವ ಅಳತೆಯ ಪೆಟ್ಟಿಗೆಗೂ ತುಂಬಲಾಗದು, ಪ್ರಯತ್ನಿಸಬೇಡಿ. ಮುಜಂಟಿ ಅಥವಾ ಮಿಸ್ರಿ ಎಂದು ಕರೆಯುವ ಚುಚ್ಚದ ಜೇನಿಗೆ ಚೌಕಟ್ಟು ಬೇಡವೇ ಬೇಡ. ಅದಕ್ಕೆ ಸಣ್ಣ ಮರದ ಡಬ್ಬಿ ಅಥವಾ ಬಿದಿರಿನ ಗಂಟು ಸಾಕು, ಅದರ ವಿಚಾರ ಬೇರೆ.

ತುಡುವೆ ಸಣ್ಣ ಕುಟುಂಬದ, ಒತ್ತಾಗಿ ಬದುಕುವ ಜೇನು. ಅದರ ಎರಿಯ ಒಂದೊಂದು ಕಣದ, ಅಂದರೆ ಆರು ಮೂಲೆಯ ಪುಟ್ಟ ಗೂಡಿನ, ಅಗಲ ದಕ್ಷಿಣದಲ್ಲಿ ಸುಮಾರು 4.3 ಮಿಲಿಮೀಟರ್, ಮೆಲ್ಲಿಫೆರಾದ್ದು ಸುಮಾರು 5.4. ಒಂದು ಎರಿಯ ನಡುವಿನಿಂದ ಪಕ್ಕದ ಎರಿಯ ನಡುವಿಗೆ ತುಡುವೆ 30ರಿಂದ 32 ಮಿಲಿಮೀಟರ್ ಬಿಡುತ್ತದೆ, ಮೆಲ್ಲಿಫೆರಾ 35. ಈ ಎರಡು ಅಂಕಿಗಳನ್ನು ನೋಡಿದರೇ ಒಂದರ ಪೆಟ್ಟಿಗೆ ಇನ್ನೊಂದಕ್ಕೆ ಏಕೆ ಆಗದು ಎಂಬುದು ತಿಳಿಯುತ್ತದೆ. ನೊಣಗಳು ಎರಿ ಕಟ್ಟಲೆಂದು ಚೌಕಟ್ಟಿಗೆ ಕೂರಿಸುವ, ಮೆಲ್ಲಿಫೆರಾಕ್ಕೆಂದು ಅಚ್ಚು ಹಾಕಿದ ಮೇಣದ ಹಾಳೆಯ ಕಣಗಳು ತುಡುವೆಗೆ ದೊಡ್ಡವು. ರಾಣಿ ಜೇನು ಕೋಣೆಗೆ ಏರದಂತೆ ಇಡುವ ರಾಣಿ ತಡೆ ಜಾಲರಿ ಮೆಲ್ಲಿಫೆರಾದ್ದಾದರೆ ಅದರ ಸಂದಿನಲ್ಲಿ ತುಡುವೆಯ ರಾಣಿ ನುಸುಳಿ ಹೋಗಬಹುದು. ಹೀಗೆ ಒಂದು ತಪ್ಪು ಆಯ್ಕೆ ಉಪಕರಣಗಳ ಇಡೀ ಸಾಲನ್ನೇ ಎಳೆದುಕೊಂಡು ಬರುತ್ತದೆ.

ಯಾವುದನ್ನು ಆರಿಸಬೇಕು? ಮನೆ, ತೋಟಗಳ ಸುತ್ತ ಒಂದೇ ಕಡೆ ಪೆಟ್ಟಿಗೆ ಇಡುವವರಿಗೆ, ವಿಶೇಷವಾಗಿ ಮಲೆನಾಡಿನಲ್ಲಿ, ತುಡುವೆಯೇ ಸರಿ ಎಂದು ನಾನು ಖಚಿತವಾಗಿ ಹೇಳುತ್ತೇನೆ. ಅದು ಇಲ್ಲಿನ ಮಳೆಗೂ ಇಲ್ಲಿನ ಹೂವಿಗೂ ಒಗ್ಗಿದ ಜೇನು; ವರ್ಷಕ್ಕೆ 5ರಿಂದ 10 ಕಿಲೋ ತುಪ್ಪ ಕೊಟ್ಟರೂ ಅಡಿಕೆ, ಕಾಫಿ, ಏಲಕ್ಕಿ ತೋಟಕ್ಕೆ ಮಾಡುವ ಉಪಕಾರ ಅದಕ್ಕಿಂತ ದೊಡ್ಡದು. ಮೆಲ್ಲಿಫೆರಾ ಹಲವು ಪಟ್ಟು ಹೆಚ್ಚು ತುಪ್ಪ ಕೊಡಬಲ್ಲದು, ಆದರೆ ಆ ಇಳುವರಿ ಬರುವುದು ಹೂವನ್ನು ಹಿಂಬಾಲಿಸಿ ಪೆಟ್ಟಿಗೆಗಳನ್ನು ಊರಿಂದೂರಿಗೆ ಸಾಗಿಸಿದಾಗ: ರಬ್ಬರ್ ತೋಟದಿಂದ ಕಾಫಿಗೆ, ಅಲ್ಲಿಂದ ಬಯಲುಸೀಮೆಯ ಸೂರ್ಯಕಾಂತಿಗೆ. ಹೂವಿಲ್ಲದ ತಿಂಗಳುಗಳಲ್ಲಿ ಸಕ್ಕರೆ ಪಾಕ ಕೊಡುವ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಂತ 2: ಅಳತೆಯ ಮಾದರಿಯನ್ನು ಆರಿಸಿ

ಪೆಟ್ಟಿಗೆಯ ಅಳತೆ ಎಂದರೆ ವಾಸ್ತವವಾಗಿ ಚೌಕಟ್ಟಿನ ಅಳತೆ. ಪೆಟ್ಟಿಗೆ ಆ ಚೌಕಟ್ಟಿನ ಸುತ್ತ ಹೊಲಿದ ಅಂಗಿಯಷ್ಟೇ. ಆದ್ದರಿಂದ ಮಾದರಿಗಳನ್ನು ಹೋಲಿಸುವಾಗ ಯಾವಾಗಲೂ ಸಂಸಾರ ಕೋಣೆಯ ಚೌಕಟ್ಟಿನ ಒಳ ಅಳತೆಯನ್ನು, ಅಂದರೆ ಎರಿ ಕಟ್ಟಲು ಸಿಗುವ ಜಾಗವನ್ನು ಕೇಳಿ ತಿಳಿದುಕೊಳ್ಳಿ.

ನ್ಯೂಟನ್ ಪೆಟ್ಟಿಗೆ: ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಫಾದರ್ ನ್ಯೂಟನ್ ದಕ್ಷಿಣ ಭಾರತದ ತುಡುವೆಗೆಂದೇ ರೂಪಿಸಿದ ಮಾದರಿ. ಚೌಕಟ್ಟಿನ ಒಳ ಅಳತೆ ಸುಮಾರು 206 × 144 ಮಿಲಿಮೀಟರ್. ಸಾಮಾನ್ಯವಾಗಿ ಸಂಸಾರ ಕೋಣೆಯಲ್ಲಿ ಏಳು ಚೌಕಟ್ಟುಗಳು. ಹಳೆಯ ಜೇನು ಕೃಷಿಕರ ಮನೆಗಳಲ್ಲಿ ಇವು ಇಂದಿಗೂ ಕಾಣಸಿಗುತ್ತವೆ.

ಐಎಸ್‌ಐ ಎ ಮಾದರಿ: ಭಾರತೀಯ ಮಾನಕದಲ್ಲಿ ಬಯಲು ಮತ್ತು ದಕ್ಷಿಣದ ತುಡುವೆಗಾಗಿ ನಿಗದಿಯಾದ ಅಳತೆ. ಚೌಕಟ್ಟಿನ ಒಳ ಅಳತೆ 210 × 145 ಮಿಲಿಮೀಟರ್. ಇಂದು ಕರ್ನಾಟಕದಲ್ಲಿ ತುಡುವೆಗೆ ಮಾರಾಟವಾಗುವ ಪೆಟ್ಟಿಗೆಗಳಲ್ಲಿ ಹೆಚ್ಚಿನವು ಇದೇ ಮಾದರಿಯವು, ಸಾಮಾನ್ಯವಾಗಿ ಎಂಟು ಚೌಕಟ್ಟಿನವು.

ಐಎಸ್‌ಐ ಬಿ ಮಾದರಿ: ಚೌಕಟ್ಟಿನ ಒಳ ಅಳತೆ 300 × 195 ಮಿಲಿಮೀಟರ್. ಇದು ಹಿಮಾಲಯದ ತಪ್ಪಲಿನ ಕಡೆಯ ದೊಡ್ಡ ಗಾತ್ರದ ತುಡುವೆಗೆ ತಕ್ಕದ್ದು. ಎ ಮಾದರಿಯ ಎರಿಗಿಂತ ಇದರ ಎರಿ ಸುಮಾರು ಎರಡು ಪಟ್ಟು.

ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆ: ಮೆಲ್ಲಿಫೆರಾಕ್ಕೆ ಜಗತ್ತಿನಾದ್ಯಂತ ಬಳಕೆಯಲ್ಲಿರುವ ಅಳತೆ. ಚೌಕಟ್ಟಿನ ಹೊರ ಉದ್ದ 448 ಮಿಲಿಮೀಟರ್, ಪೂರ್ಣ ಎತ್ತರದ ಚೌಕಟ್ಟು 232 ಮಿಲಿಮೀಟರ್, ಪೂರ್ಣ ಎತ್ತರದ ಕೋಣೆ 244 ಮಿಲಿಮೀಟರ್. ಹತ್ತು ಮತ್ತು ಎಂಟು ಚೌಕಟ್ಟುಗಳ ಅಗಲದಲ್ಲಿ ಸಿಗುತ್ತದೆ.

ಕರ್ನಾಟಕದ ತುಡುವೆಗೆ ಹೊಸದಾಗಿ ಆರಂಭಿಸುವವರು ಎ ಮಾದರಿಯನ್ನೇ ಆರಿಸಿ. ನ್ಯೂಟನ್ ಪೆಟ್ಟಿಗೆ ಇದಕ್ಕಿಂತ ಕೀಳೆಂದಲ್ಲ. ನೊಣಗಳು ಎರಡರಲ್ಲೂ ಅಷ್ಟೇ ಸುಖವಾಗಿರುತ್ತವೆ. ಆದರೆ ಚೌಕಟ್ಟು, ಮೇಣದ ಹಾಳೆ, ತುಪ್ಪ ತೆಗೆಯುವ ಯಂತ್ರ, ನೆರೆಯವರಿಂದ ಕೊಳ್ಳುವ ಕುಟುಂಬ ಎಲ್ಲವೂ ಎ ಮಾದರಿಯಲ್ಲಿ ಸುಲಭವಾಗಿ ಸಿಗುತ್ತವೆ. ನಿಮ್ಮ ಊರಿನ ಸುತ್ತಮುತ್ತ ಎಲ್ಲರ ಬಳಿಯೂ ನ್ಯೂಟನ್ ಪೆಟ್ಟಿಗೆಯೇ ಇದ್ದರೆ ಮಾತ್ರ ಅದನ್ನೇ ಆರಿಸುವುದು ಜಾಣತನ, ಏಕೆಂದರೆ ಕಷ್ಟಕಾಲದಲ್ಲಿ ಒಂದು ಚೌಕಟ್ಟು ಮೊಟ್ಟೆ-ಮರಿಯನ್ನು ಪಕ್ಕದ ಮನೆಯಿಂದ ಕೇಳಿ ತರುವ ಅನುಕೂಲ ಯಾವ ಮಾನಕಕ್ಕಿಂತಲೂ ಬೆಲೆಯುಳ್ಳದ್ದು.

ಎಚ್ಚರಿಕೆ: ನ್ಯೂಟನ್ ಮತ್ತು ಎ ಮಾದರಿಯ ಚೌಕಟ್ಟುಗಳು ನೋಡಲು ಒಂದೇ ರೀತಿ ಇರುತ್ತವೆ. ಉದ್ದದಲ್ಲಿ ವ್ಯತ್ಯಾಸ ಕೇವಲ 4 ಮಿಲಿಮೀಟರ್. "ಹೇಗೋ ಕೂರುತ್ತದೆ" ಎಂದು ಒಂದರ ಚೌಕಟ್ಟನ್ನು ಇನ್ನೊಂದರಲ್ಲಿ ಇಡುವವರಿದ್ದಾರೆ. ಜೇನುಸಂದು 8 ಮಿಲಿಮೀಟರ್‌ನದು ಎಂಬುದನ್ನು ನೆನಪಿಡಿ: ಉದ್ದದ ಚೌಕಟ್ಟು ಗಿಡ್ಡ ಪೆಟ್ಟಿಗೆಯಲ್ಲಿ ಸ್ವಲ್ಪ ಒಂದು ಬದಿಗೆ ಸರಿದರೂ ಆ ಬದಿಯ ಸಂದು ಅರ್ಧಕ್ಕಿಳಿಯುತ್ತದೆ, ನೊಣಗಳು ಅದನ್ನು ಮೇಣದಿಂದ ಗೋಡೆಗೆ ಬೆಸೆಯುತ್ತವೆ. ಮುಂದಿನ ಬಾರಿ ಎತ್ತುವಾಗ ಎರಿ ಹರಿಯುತ್ತದೆ, ಮರಿಗಳು ಸಾಯುತ್ತವೆ, ರಾಣಿಯೂ ಜಜ್ಜಿಹೋಗಬಹುದು.

ಹಂತ 3: ಎಷ್ಟು ಚೌಕಟ್ಟು ಬೇಕು ಎಂದು ಲೆಕ್ಕ ಹಾಕಿ

ದೊಡ್ಡ ಪೆಟ್ಟಿಗೆ ಕೊಟ್ಟರೆ ಜೇನು ದೊಡ್ಡದಾಗಿ ಬೆಳೆಯುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಇದು ನಿಜವಲ್ಲ. ಕುಟುಂಬದ ಗಾತ್ರವನ್ನು ನಿರ್ಧರಿಸುವುದು ರಾಣಿ ಇಡುವ ಮೊಟ್ಟೆ ಮತ್ತು ಹೊರಗೆ ಸಿಗುವ ಪರಾಗ, ಮಕರಂದ. ಪೆಟ್ಟಿಗೆಯ ಕೆಲಸ ಅದಕ್ಕೆ ಅಡ್ಡಿಯಾಗದಿರುವುದು ಮಾತ್ರ. ಈ ಲೆಕ್ಕವನ್ನು ನೀವೇ ಹಾಕಿ ನೋಡಬಹುದು.

ತುಡುವೆಯ ರಾಣಿ ಒಳ್ಳೆಯ ಕಾಲದಲ್ಲಿ ದಿನಕ್ಕೆ 500 ಮೊಟ್ಟೆ ಇಡುತ್ತದೆ ಎಂದುಕೊಳ್ಳೋಣ. ಮೊಟ್ಟೆಯಿಂದ ಕೆಲಸಗಾರ ನೊಣ ಹೊರಬರಲು ಸುಮಾರು 20 ದಿನ ಬೇಕು. ಅಂದರೆ ಯಾವುದೇ ದಿನ ನೋಡಿದರೂ ಮೊಟ್ಟೆ, ಮರಿ, ಕೋಶಾವಸ್ಥೆಯ ಮರಿಗಳಿಂದ ತುಂಬಿದ ಕಣಗಳು 10,000 ಇರುತ್ತವೆ. 4.3 ಮಿಲಿಮೀಟರ್ ಅಗಲದ ಕಣಗಳು ಒಂದು ಚದರ ಸೆಂಟಿಮೀಟರಿಗೆ ಆರಕ್ಕಿಂತ ತುಸು ಹೆಚ್ಚು ಹಿಡಿಯುತ್ತವೆ. ಎ ಮಾದರಿಯ ಒಂದು ಚೌಕಟ್ಟಿನ ಎರಡೂ ಮುಖ ಸೇರಿ ಸುಮಾರು 3,800 ಕಣ. ಹಾಗಾದರೆ ಮರಿಗಳಿಗೆ ಬೇಕಾದದ್ದು ಮೂರು ಚೌಕಟ್ಟು. ರಾಣಿ ದಿನಕ್ಕೆ 800 ಮೊಟ್ಟೆ ಇಡುವಷ್ಟು ಸಮರ್ಥವಾಗಿದ್ದರೂ ನಾಲ್ಕು ಚೌಕಟ್ಟು ದಾಟಿ ಸ್ವಲ್ಪ. ಪ್ರತಿ ಎರಿಯ ಮೇಲ್ಭಾಗದಲ್ಲಿ ಕಮಾನಿನಂತೆ ತುಪ್ಪ ಮತ್ತು ಪರಾಗ ಇರುವುದರಿಂದ ಎರಿಯ ಅರ್ಧದಿಂದ ಮೂರನೇ ಎರಡು ಭಾಗ ಮಾತ್ರ ಮರಿಗಳಿಗೆ ಸಿಗುತ್ತದೆ. ಆದ್ದರಿಂದ ಮೂರು-ನಾಲ್ಕು ಚೌಕಟ್ಟಿನ ಲೆಕ್ಕ ಆರು-ಏಳಕ್ಕೆ ಏರುತ್ತದೆ. ಎಂಟು ಚೌಕಟ್ಟಿನ ಎ ಮಾದರಿ ಏಕೆ ಸಾಕು ಎಂಬುದಕ್ಕೆ ಇದೇ ಕಾರಣ.

ಅದೇ ಕುಟುಂಬವನ್ನು ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆಯಲ್ಲಿಟ್ಟರೆ ಏನಾಗುತ್ತದೆ ನೋಡಿ. ಅದರ ಒಂದು ಚೌಕಟ್ಟಿನಲ್ಲಿ ತುಡುವೆ 10,000ಕ್ಕೂ ಹೆಚ್ಚು ಕಣ ಕಟ್ಟಬಲ್ಲದು. ಇಡೀ ಸಂಸಾರ ಒಂದೇ ಚೌಕಟ್ಟಿನಲ್ಲಿ ಮುಗಿಯುವಾಗ ಉಳಿದ ಒಂಬತ್ತು ಚೌಕಟ್ಟಿನ ಜಾಗ ಕಾಯುವವರಿಲ್ಲದೆ ಖಾಲಿ ಬೀಳುತ್ತದೆ. ನೊಣ ಮುಚ್ಚಿಕೊಳ್ಳದ ಎರಿಗೆ ಮೇಣದ ಹುಳು ಬೀಳುತ್ತದೆ. ತುಡುವೆ ಮೇಣದ ಹುಳುವಿನೊಂದಿಗೆ ಹೋರಾಡುವ ಜೇನಲ್ಲ, ಗೂಡು ಬಿಟ್ಟು ಹೊರಟುಹೋಗುವ ಜೇನು. "ಪೆಟ್ಟಿಗೆಗೆ ತುಂಬಿಸಿದ ಜೇನು ನಿಲ್ಲುವುದೇ ಇಲ್ಲ" ಎಂದು ದೂರುವವರು ಮೊದಲು ಪರೀಕ್ಷಿಸಬೇಕಾದದ್ದು ಪೆಟ್ಟಿಗೆಯೊಳಗಿನ ಖಾಲಿ ಜಾಗವನ್ನು.

ಮೆಲ್ಲಿಫೆರಾದ ಲೆಕ್ಕ ಬೇರೆ. ದಿನಕ್ಕೆ 1,500 ಮೊಟ್ಟೆ, 21 ದಿನ, ಒಟ್ಟು 31,500 ಕಣ. ಪೂರ್ಣ ಎತ್ತರದ ಒಂದು ಚೌಕಟ್ಟಿನಲ್ಲಿ ಸುಮಾರು 7,000 ಕಣ. ಮರಿಗಳಿಗೇ ನಾಲ್ಕೂವರೆ ಚೌಕಟ್ಟು, ತುಪ್ಪ-ಪರಾಗ ಸೇರಿ ಎಂಟರಿಂದ ಹತ್ತು. ಇಷ್ಟು ಜಾಗ ಸಿಗದಿದ್ದರೆ ಕುಟುಂಬ ಪಾಲಾಗುತ್ತದೆ, ಅಂದರೆ ಹಳೆಯ ರಾಣಿ ಅರ್ಧಕ್ಕರ್ಧ ನೊಣಗಳೊಂದಿಗೆ ಹಾರಿಹೋಗುತ್ತದೆ.

ಮಲೆನಾಡಿನವರಿಗೆ ಇಲ್ಲಿ ಒಂದು ವಿಶೇಷ ಸೂಚನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ತುಡುವೆ ಕುಟುಂಬ ಮೂರು-ನಾಲ್ಕು ಎರಿಗೆ ಕುಗ್ಗುವುದು ಸಹಜ. ಆಗ ಎಂಟು ಚೌಕಟ್ಟಿನ ಪೆಟ್ಟಿಗೆಯೂ ಅದಕ್ಕೆ ದೊಡ್ಡದೇ. ಪೆಟ್ಟಿಗೆ ಕೊಳ್ಳುವಾಗಲೇ ಪ್ರತಿಯೊಂದಕ್ಕೂ ಒಂದು ಡಮ್ಮಿ ಹಲಗೆ ಮಾಡಿಸಿಕೊಳ್ಳಿ. ಇದು ಚೌಕಟ್ಟಿನಷ್ಟೇ ಉದ್ದ-ಎತ್ತರವಿರುವ, ಚೌಕಟ್ಟಿನಂತೆಯೇ ತೂಗುಬಿಡುವ ಇಡಿಯಾದ ಹಲಗೆ. ನೊಣ ಇರುವ ಕೊನೆಯ ಎರಿಯ ಪಕ್ಕದಲ್ಲಿ ಇದನ್ನು ಇಳಿಸಿ, ಖಾಲಿ ಎರಿಗಳನ್ನು ಹೊರತೆಗೆದರೆ ಪೆಟ್ಟಿಗೆ ಕುಟುಂಬದ ಅಳತೆಗೆ ಕಿರಿದಾಗುತ್ತದೆ. ಬೆಲೆಯಲ್ಲಿ ಇದಕ್ಕಿಂತ ಅಗ್ಗದ, ಫಲದಲ್ಲಿ ಇದಕ್ಕಿಂತ ದೊಡ್ಡ ಉಪಕರಣ ನನಗೆ ತಿಳಿದಿಲ್ಲ.

ಹಂತ 4: ಜೇನು ಕೋಣೆಯ ಎತ್ತರ ಮತ್ತು ಸಂಖ್ಯೆ

ತುಡುವೆಯ ಜೇನು ಕೋಣೆ ಸಂಸಾರ ಕೋಣೆಯ ಅರ್ಧ ಎತ್ತರದ್ದಾಗಿರುತ್ತದೆ. ಉದ್ದ, ಅಗಲ ಒಂದೇ. ಇಂಥ ಒಂದು ಕೋಣೆ ಪೂರ್ತಿ ತುಂಬಿ ಮುಚ್ಚಿದಾಗ ಸುಮಾರು 3 ಕಿಲೋ ತುಪ್ಪ ಹಿಡಿಯುತ್ತದೆ. ಇದು ಸಣ್ಣದೆಂದು ಅನ್ನಿಸಬಹುದು, ಆದರೆ ತುಡುವೆ ಸ್ವಲ್ಪ ಸ್ವಲ್ಪವೇ ತುಂಬಿ ಮುಚ್ಚುವ ಜೇನಾದ್ದರಿಂದ ಸಣ್ಣ ಕೋಣೆಯೇ ಬೇಗ ಪಕ್ವವಾಗಿ ಕೈಗೆ ಸಿಗುತ್ತದೆ. ಪೂರ್ಣ ಎತ್ತರದ ಕೋಣೆಯನ್ನು ಮೇಲಿಟ್ಟರೆ ರಾಣಿ ಅಲ್ಲಿಯೂ ಮೊಟ್ಟೆ ಇಡುವ ಸಂಭವ ಹೆಚ್ಚು, ಅರೆಬರೆ ತುಂಬಿದ ಎರಿಗಳೂ ಹೆಚ್ಚು. ಪ್ರತಿ ಪೆಟ್ಟಿಗೆಗೆ ಎರಡು ಜೇನು ಕೋಣೆಗಳನ್ನು ತೆಗೆದುಕೊಳ್ಳಿ. ಒಂದು ಸಾಕೆಂದು ಉಳಿಸಿದ ಹಣ ಹೂವಿನ ಕಾಲದಲ್ಲಿ ನಷ್ಟವಾಗಿ ತಿರುಗುತ್ತದೆ. ಕಾಫಿಯ ಹೂವು ಹೂಮಳೆ ಬಿದ್ದ ಸುಮಾರು ಎಂಟು-ಹತ್ತು ದಿನಕ್ಕೆ ಅರಳಿ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಆ ದಿನಗಳಲ್ಲಿ ಬಡಗಿಯ ಬಾಗಿಲಲ್ಲಿ ಕಾಯಲು ಪುರಸೊತ್ತಿರುವುದಿಲ್ಲ.

ಕೋಣೆಯನ್ನು ಮೇಲೇರಿಸುವ ಸಮಯವೂ ಮುಖ್ಯ. ಸಂಸಾರ ಕೋಣೆಯ ಎಲ್ಲ ಚೌಕಟ್ಟುಗಳ ಮೇಲೆ ನೊಣ ಹರಡಿ, ಮೇಲ್ಪಟ್ಟಿಗಳ ಬಳಿ ಬಿಳಿಯ ಹೊಸ ಮೇಣ ಕಾಣಿಸಿಕೊಂಡಾಗ ಏರಿಸಿ. ಅದಕ್ಕೆ ಮೊದಲೇ ಏರಿಸಿದರೆ ಹಂತ 3ರಲ್ಲಿ ಹೇಳಿದ ಖಾಲಿ ಜಾಗದ ತೊಂದರೆಯೇ ಮತ್ತೆ ಎದುರಾಗುತ್ತದೆ.

ಮೆಲ್ಲಿಫೆರಾಕ್ಕೆ ಜೇನು ಕೋಣೆಯ ಎತ್ತರವನ್ನು ಆರಿಸುವಾಗ ಯೋಚಿಸಬೇಕಾದದ್ದು ನಿಮ್ಮ ಬೆನ್ನನ್ನು. ಹತ್ತು ಚೌಕಟ್ಟಿನ ಪೂರ್ಣ ಎತ್ತರದ ಕೋಣೆ ತುಪ್ಪದಿಂದ ತುಂಬಿದಾಗ 35ರಿಂದ 40 ಕಿಲೋ ತೂಗುತ್ತದೆ. 168 ಮಿಲಿಮೀಟರ್ ಎತ್ತರದ ಮಧ್ಯಮ ಕೋಣೆ ಸುಮಾರು 25 ಕಿಲೋ, 145 ಮಿಲಿಮೀಟರ್‌ನ ಗಿಡ್ಡ ಕೋಣೆ ಅದಕ್ಕಿಂತ ಕಡಿಮೆ. ಎಂಟು ಚೌಕಟ್ಟಿನ ಪೆಟ್ಟಿಗೆಯಾದರೆ ಈ ತೂಕಗಳಲ್ಲಿ ಐದನೇ ಒಂದು ಭಾಗ ಇಳಿಯುತ್ತದೆ. ಕೆಳಗೂ ಮೇಲೂ ಒಂದೇ ಎತ್ತರದ ಕೋಣೆ ಇಟ್ಟರೆ ಎಲ್ಲ ಚೌಕಟ್ಟುಗಳೂ ಪರಸ್ಪರ ಹೊಂದುತ್ತವೆ, ಬಲವಾದ ಕುಟುಂಬದಿಂದ ಮರಿ ಎರಿಯನ್ನು ದುರ್ಬಲ ಕುಟುಂಬಕ್ಕೆ ಕೊಡುವುದು ಸುಲಭ. ಸಹಾಯಕರೊಂದಿಗೆ ಪೆಟ್ಟಿಗೆ ಸಾಗಿಸುವವರು ಬಹುತೇಕ ಇದನ್ನೇ ಮೆಚ್ಚುತ್ತಾರೆ. ಒಬ್ಬರೇ ಕೆಲಸ ಮಾಡುವವರು, ಹಿರಿಯರು, ತೋಟದ ಇಳಿಜಾರಿನಲ್ಲಿ ಪೆಟ್ಟಿಗೆ ಇಟ್ಟವರು ಸಂಸಾರ ಕೋಣೆಯನ್ನು ಪೂರ್ಣ ಎತ್ತರದಲ್ಲಿಟ್ಟು ಜೇನು ಕೋಣೆಗಳನ್ನೆಲ್ಲ ಮಧ್ಯಮ ಎತ್ತರದಲ್ಲಿ ಮಾಡಿಸಿಕೊಳ್ಳಲಿ. ಮಧ್ಯಮವೂ ಗಿಡ್ಡದೂ ಎರಡನ್ನೂ ಸೇರಿಸಬೇಡಿ.

ಹಂತ 5: ತುಪ್ಪ ತೆಗೆಯುವ ಯಂತ್ರವನ್ನು ಜೊತೆಗೇ ನೋಡಿ

ಎರಿಯನ್ನು ಹಿಂಡದೆ, ತಿರುಗಿಸಿ ತುಪ್ಪ ಹೊರತೆಗೆಯುವ ಡ್ರಮ್ಮಿನೊಳಗೆ ಚೌಕಟ್ಟು ನಿಲ್ಲಿಸಲು ತಂತಿಯ ಬುಟ್ಟಿಗಳಿರುತ್ತವೆ. ತುಡುವೆಯ ಯಂತ್ರದ ಬುಟ್ಟಿಗೆ ಲ್ಯಾಂಗ್‌ಸ್ಟ್ರಾತ್ ಚೌಕಟ್ಟು ಹೋಗುವುದೇ ಇಲ್ಲ. ದೊಡ್ಡ ಯಂತ್ರದಲ್ಲಿ ತುಡುವೆಯ ಸಣ್ಣ ಚೌಕಟ್ಟು ಇಟ್ಟರೆ ಅಲುಗಾಡಿ ಎರಿ ಮುರಿಯುತ್ತದೆ. ಊರಿನಲ್ಲಿ ಅಥವಾ ಸಂಘದಲ್ಲಿ ಹಂಚಿಕೊಳ್ಳುವ ಯಂತ್ರವಿದ್ದರೆ ಒಂದು ಚೌಕಟ್ಟನ್ನು ಕೊಂಡೊಯ್ದು ಇಟ್ಟು ನೋಡಿ, ಆಮೇಲೆ ಪೆಟ್ಟಿಗೆಗೆ ಮುಂಗಡ ಕೊಡಿ.

ಹಂತ 6: ಬಡಗಿಗೆ ಅಳತೆ ಕೊಡುವ ವಿಧಾನ

ಮಾನಕದ ಪೆಟ್ಟಿಗೆಯನ್ನು ಸಿದ್ಧವಾಗಿಯೇ ಕೊಳ್ಳುವುದು ಉತ್ತಮ. ಊರಿನಲ್ಲೇ ಮಾಡಿಸುವುದಾದರೆ ಬಾಯಿಮಾತಿನ ಅಳತೆ ಬೇಡ. ಮಾದರಿಗೆ ಸರಿಯಾದ ಒಂದು ಪೂರ್ಣ ಪೆಟ್ಟಿಗೆಯನ್ನೂ ಒಂದು ಚೌಕಟ್ಟನ್ನೂ ಬಡಗಿಯ ಮುಂದಿಟ್ಟು, ಎಲ್ಲ ಅಳತೆಯನ್ನೂ ಮಿಲಿಮೀಟರಿನಲ್ಲಿ ಬರೆದು ಕೊಡಿ. ಇಂಚಿನಲ್ಲಿ ಹೇಳಿ ಮಿಲಿಮೀಟರಿಗೆ ತಿರುಗಿಸುವಾಗ ಉಳಿಯುವ ಎರಡು-ಮೂರು ಮಿಲಿಮೀಟರ್ ಮನೆಯ ಬಾಗಿಲಿಗೆ ನಡೆಯುತ್ತದೆ, ಜೇನುಪೆಟ್ಟಿಗೆಗೆ ನಡೆಯುವುದಿಲ್ಲ.

ಹಲಗೆಯ ದಪ್ಪ ಬದಲಾದರೂ ಕೆಡದಂತೆ ಪೆಟ್ಟಿಗೆಯ ಒಳ ಅಳತೆಯನ್ನೇ ಹೇಳಬೇಕು, ಹೊರ ಅಳತೆಯನ್ನಲ್ಲ. ಒಳ ಅಳತೆಯನ್ನು ಚೌಕಟ್ಟಿನಿಂದ ಹೀಗೆ ಪಡೆಯಿರಿ:

ಒಳ ಉದ್ದ: ಚೌಕಟ್ಟಿನ ಹೊರ ಉದ್ದಕ್ಕೆ ಎರಡು ಜೇನುಸಂದು ಸೇರಿಸಿ, ಮುಂದೊಂದು ಹಿಂದೊಂದು. ಲ್ಯಾಂಗ್‌ಸ್ಟ್ರಾತ್‌ನಲ್ಲಿ ಚೌಕಟ್ಟು 448, ಪೆಟ್ಟಿಗೆಯ ಒಳ ಉದ್ದ 467 ಮಿಲಿಮೀಟರ್. ಉಳಿದ 19ನ್ನು ಎರಡು ಕಡೆಗೆ ಹಂಚಿದರೆ ತಲಾ ಒಂಬತ್ತೂವರೆ.

ಒಳ ಅಗಲ: ಚೌಕಟ್ಟುಗಳ ಸಂಖ್ಯೆಯನ್ನು ಎರಿಗಳ ನಡು ಅಂತರದಿಂದ ಗುಣಿಸಿ, ಕೈಯಾಡಿಸಲು ಕೆಲವು ಮಿಲಿಮೀಟರ್ ಸೇರಿಸಿ. ಎಂಟು ಚೌಕಟ್ಟಿನ ತುಡುವೆ ಪೆಟ್ಟಿಗೆಗೆ 31 ಮಿಲಿಮೀಟರ್ ಅಂತರವಾದರೆ 248, ಜೊತೆಗೆ ಒಂದು ಸಂದು.

ಕೋಣೆಯ ಎತ್ತರ: ಚೌಕಟ್ಟಿನ ಒಟ್ಟು ಎತ್ತರಕ್ಕೆ ಒಂದೇ ಒಂದು ಜೇನುಸಂದು ಸೇರಿಸಿ.

ಈ ಮೂರನೆಯದರಲ್ಲಿಯೇ ಅತಿ ಹೆಚ್ಚು ಪೆಟ್ಟಿಗೆಗಳು ಕೆಡುವುದರಿಂದ ಸ್ವಲ್ಪ ವಿವರಿಸುತ್ತೇನೆ. ಕೋಣೆಯ ಮೇಲೆ ಕೋಣೆ ಕೂತಾಗ ಕೆಳಗಿನ ಚೌಕಟ್ಟಿನ ಮೇಲ್ಪಟ್ಟಿಗೂ ಮೇಲಿನ ಚೌಕಟ್ಟಿನ ಕೆಳಪಟ್ಟಿಗೂ ನಡುವೆ ಒಂದು ಸಂದು ಮಾತ್ರ ಇರಬೇಕು. ಬಡಗಿಯು ಪ್ರತಿ ಕೋಣೆಯಲ್ಲೂ ಚೌಕಟ್ಟಿನ ಮೇಲೊಂದು, ಕೆಳಗೊಂದು ಸಂದು ಬಿಟ್ಟರೆ ಎರಡು ಕೋಣೆಗಳ ನಡುವೆ ಅದು ಇಮ್ಮಡಿಯಾಗುತ್ತದೆ. ನೊಣಗಳು ಆ ಜಾಗದಲ್ಲಿ ಅಡ್ಡ ಎರಿ ಕಟ್ಟಿ ಎರಡು ಅಂತಸ್ತನ್ನೂ ಬೆಸೆದುಬಿಡುತ್ತವೆ. ಜೇನು ಕೋಣೆ ಎತ್ತಿದರೆ ಕೆಳಗಿನ ಚೌಕಟ್ಟುಗಳೂ ಜೊತೆಗೆ ಮೇಲೇಳುತ್ತವೆ. ಸಂದನ್ನು ಮೇಲೆ ಬಿಡಬೇಕೋ ಕೆಳಗೆ ಬಿಡಬೇಕೋ ಎಂಬುದು ನಿಮ್ಮ ಮಾದರಿಗೆ ಬಿಟ್ಟದ್ದು. ಆದರೆ ಎಲ್ಲ ಪೆಟ್ಟಿಗೆಗಳಲ್ಲೂ ಅದು ಒಂದೇ ಕಡೆ ಇರಲಿ.

ಹಲಗೆಯ ದಪ್ಪ 22ರಿಂದ 25 ಮಿಲಿಮೀಟರ್ ಇರಲಿ. ಬಿಸಿಲ ನಾಡಿನಲ್ಲಿ ಶಾಖವನ್ನೂ ಮಲೆನಾಡಿನಲ್ಲಿ ತೇವವನ್ನೂ ತಡೆಯಲು ಅಷ್ಟು ಬೇಕು. ಚೆನ್ನಾಗಿ ಒಣಗಿದ, ಕಟು ವಾಸನೆಯಿಲ್ಲದ, ತೀರ ಭಾರವಲ್ಲದ ಮರ ಬಳಸಿ. ಹಸಿ ಮರದಲ್ಲಿ ಕರಾರುವಾಕ್ಕಾಗಿ ಮಾಡಿದ ಪೆಟ್ಟಿಗೆಯೂ ಒಂದು ಬೇಸಿಗೆ ಕಳೆಯುವುದರೊಳಗೆ ಸೊಟ್ಟಗಾಗಿ, ನೀವು ಇಷ್ಟು ಶ್ರಮದಿಂದ ಉಳಿಸಿದ ಸಂದುಗಳನ್ನು ನುಂಗಿಬಿಡುತ್ತದೆ. ಬಣ್ಣ ಹೊರಗೆ ಮಾತ್ರ. ತುಡುವೆಯ ಪೆಟ್ಟಿಗೆಯ ಬಾಗಿಲಿನ ಎತ್ತರ 8 ಮಿಲಿಮೀಟರ್ ದಾಟದಿರಲಿ. ದೊಡ್ಡ ಬಾಗಿಲಾದರೆ ಕಡಜ, ಹಲ್ಲಿ, ದೊಡ್ಡ ಪತಂಗಗಳು ಒಳನುಗ್ಗುತ್ತವೆ.

ಹಂತ 7: ಕೊಳ್ಳುವ ಮೊದಲು ಅಳೆದು ನೋಡಿ

ಸಹಾಯಧನದಲ್ಲಿ ಬಂದ ಪೆಟ್ಟಿಗೆಯಾಗಲಿ, ಅಂಗಡಿಯದಾಗಲಿ, ಹಳೆಯದಾಗಲಿ, ಈ ನಾಲ್ಕು ಪರೀಕ್ಷೆ ಮಾಡದೆ ಒಪ್ಪಿಕೊಳ್ಳಬೇಡಿ. ಬೇಕಾದದ್ದು ಸ್ಟೀಲ್ ಸ್ಕೇಲು ಮತ್ತು 8 ಮಿಲಿಮೀಟರ್ ದಪ್ಪದ ಒಂದು ಮರದ ಚೂರು. ಮೆಲ್ಲಿಫೆರಾಕ್ಕಾದರೆ 9 ಮಿಲಿಮೀಟರ್‌ನದು.

ಮೊದಲಿಗೆ, ಬೇರೆ ಬೇರೆ ಪೆಟ್ಟಿಗೆಗಳಿಂದ ಎರಡು ಚೌಕಟ್ಟುಗಳನ್ನು ತೆಗೆದು ಅದಲುಬದಲು ಮಾಡಿ ಇಳಿಸಿ. ಎಲ್ಲಿಯೂ ಉಜ್ಜದೆ ಇಳಿಯಬೇಕು, ಇಳಿದ ಮೇಲೆ ಹೆಚ್ಚು ಆಡಬಾರದು. ಎರಡನೆಯದಾಗಿ, ಪಕ್ಕದ ಪಟ್ಟಿಗೂ ಪೆಟ್ಟಿಗೆಯ ಗೋಡೆಗೂ ನಡುವೆ ಮರದ ಚೂರನ್ನು ತೂರಿಸಿ. ಎರಡೂ ಕಡೆ ಸಲೀಸಾಗಿ ಹೋಗಬೇಕು, ಸಡಿಲವಾಗಿ ಅಲುಗಾಡಬಾರದು. ಮೂರನೆಯದಾಗಿ, ಜೇನು ಕೋಣೆಯನ್ನು ಮೇಲಿಟ್ಟು ಸುತ್ತಲೂ ಕಣ್ಣು ಹಾಯಿಸಿ. ಬೆಳಕು ನುಗ್ಗುವ ಕಡೆ ಇರುವೆಯೂ ನುಗ್ಗುತ್ತದೆ. ನಾಲ್ಕನೆಯದಾಗಿ, ಕೋಣೆಯ ಒಳಗಿನ ಎರಡು ಕರ್ಣಗಳನ್ನು, ಮೂಲೆಯಿಂದ ಎದುರು ಮೂಲೆಗೆ, ಅಳೆಯಿರಿ. ಎರಡೂ ಸಮವಾಗಿಲ್ಲದಿದ್ದರೆ ಪೆಟ್ಟಿಗೆ ಸೊಟ್ಟಗಿದೆ ಎಂದರ್ಥ.

ಹಳೆಯ ಪೆಟ್ಟಿಗೆಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಅಳಿಸಿಹಾಕಿದಾಗ ಅಟ್ಟ ಸೇರಿದ ಪೆಟ್ಟಿಗೆಗಳು ಈಗಲೂ ಕೈಯಿಂದ ಕೈಗೆ ಬರುತ್ತಿವೆ. ಅವುಗಳಲ್ಲಿ ನ್ಯೂಟನ್ ಅಳತೆಯವೂ ಎ ಮಾದರಿಯವೂ ಊರ ಬಡಗಿಯ ಸ್ವಂತ ಅಳತೆಯವೂ ಬೆರೆತಿರುತ್ತವೆ. ಒಂದೇ ಅಳತೆಯವನ್ನು ಮಾತ್ರ ಆರಿಸಿ. ಯಾರ ಪೆಟ್ಟಿಗೆಯಾದರೂ ಒಳಗಿರುವ ಹಳೆಯ ಎರಿಯನ್ನು ಬಳಸದೆ ಸುಟ್ಟುಬಿಡಿ. ಮರವನ್ನು ಕೆರೆದು, ಸೋಡಾ ಹಾಕಿದ ಬಿಸಿನೀರಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ.

ಹಂತ 8: ಈಗಾಗಲೇ ಅಳತೆಗಳು ಬೆರೆತುಹೋಗಿದ್ದರೆ

ಕೈಯಲ್ಲಿ ಎರಡು ಮಾದರಿಗಳಿದ್ದರೆ ಹೆಚ್ಚು ಸಂಖ್ಯೆಯಲ್ಲಿರುವುದನ್ನು ಉಳಿಸಿಕೊಂಡು ಉಳಿದವನ್ನು ಅದಕ್ಕೆ ಬದಲಾಯಿಸಿ. ಈ ಕೆಲಸಕ್ಕೆ ಪರಾಗ ಚೆನ್ನಾಗಿ ಬರುತ್ತಿರುವ ಕಾಲವನ್ನು ಕಾಯಬೇಕು. ಮಳೆಗಾಲದಲ್ಲೂ ಹೂವಿಲ್ಲದ ದಿನಗಳಲ್ಲೂ ಮುಟ್ಟಬೇಡಿ, ತುಡುವೆ ಗೂಡು ಬಿಟ್ಟು ಹೋಗುತ್ತದೆ.

ಸಂಜೆಯ ಹೊತ್ತಿನಲ್ಲಿ ಹೊಸ ಪೆಟ್ಟಿಗೆಯನ್ನು ಹಳೆಯದಿದ್ದ ಜಾಗದಲ್ಲೇ, ಬಾಗಿಲು ಅದೇ ದಿಕ್ಕಿಗೆ ಇರುವಂತೆ ಇಡಿ. ಹಳೆಯ ಚೌಕಟ್ಟಿನಿಂದ ಮರಿ ಇರುವ ಎರಿಯ ಭಾಗವನ್ನು ಹೊಸ ಚೌಕಟ್ಟಿನ ಒಳ ಅಳತೆಗೆ ಕತ್ತರಿಸಿ, ಮೇಲ್ತುದಿ ಮೇಲೆಯೇ ಬರುವಂತೆ ಕೂರಿಸಿ, ಬಾಳೆನಾರಿನಿಂದ ಎರಡು ಕಡೆ ಸುತ್ತಿ ಕಟ್ಟಿ. ತಲೆಕೆಳಗಾಗಿ ಕಟ್ಟಬಾರದು, ಕಣಗಳು ಮೇಲ್ಮುಖವಾಗಿ ತುಸು ಓರೆಯಾಗಿರುವುದರಿಂದ ದಿಕ್ಕು ತಪ್ಪಿದರೆ ಅವುಗಳಲ್ಲಿರುವುದು ಸೋರುತ್ತದೆ. ತುಪ್ಪ ತುಂಬಿದ ಭಾಗವನ್ನು ಕಟ್ಟಲು ಹೋಗಬೇಡಿ, ಅದರ ಭಾರಕ್ಕೆ ನಾರು ಎರಿಯನ್ನು ಕೊಯ್ಯುತ್ತದೆ, ಸೋರಿದ ತುಪ್ಪ ಇರುವೆಗಳನ್ನೂ ಕಳ್ಳ ಜೇನುಗಳನ್ನೂ ಕರೆಯುತ್ತದೆ. ಮರಿ ಎರಿಗಳನ್ನು ನಡುವೆ ಒತ್ತಾಗಿ ಇಳಿಸಿ, ಪಕ್ಕದಲ್ಲಿ ಡಮ್ಮಿ ಹಲಗೆ ಇಟ್ಟು, ರಾಣಿಯನ್ನು ಕಣ್ಣಾರೆ ನೋಡಿ ಒಳಸೇರಿಸಿದ ಮೇಲೆ ಉಳಿದ ನೊಣಗಳನ್ನು ಮೆಲ್ಲನೆ ಕೊಡವಿ. ಬಾಗಿಲಿಗೆ ರಾಣಿ ತಡೆ ಗೇಟು ಹಾಕಿ, ಆ ರಾತ್ರಿಯೇ ಸ್ವಲ್ಪ ಸಕ್ಕರೆ ಪಾಕವನ್ನು ಪೆಟ್ಟಿಗೆಯೊಳಗೆ ಕೊಡಿ.

ಮೂರು-ನಾಲ್ಕು ದಿನಗಳಲ್ಲಿ ನೊಣಗಳು ಎರಿಯನ್ನು ಮೇಲ್ಪಟ್ಟಿಗೆ ಬೆಸೆಯುತ್ತವೆ. ಆಗ ನಾರನ್ನು ಕತ್ತರಿಸಿ ತೆಗೆಯಿರಿ. ಹೊಸ ಮೊಟ್ಟೆ ಕಂಡರೆ ಗೇಟನ್ನೂ ತೆಗೆಯಬಹುದು. ಖಾಲಿಯಾದ ಬೇರೆ ಅಳತೆಯ ಪೆಟ್ಟಿಗೆಗಳನ್ನು ತೋಟದ ಅಂಚಿನಲ್ಲಿ, ಒಳಗೆ ಸ್ವಲ್ಪ ಮೇಣ ಸವರಿ, ಪಾಲಾಗಿ ಬರುವ ಹಿಂಡುಗಳನ್ನು ಹಿಡಿಯುವ ಗೂಡುಪೆಟ್ಟಿಗೆಗಳಾಗಿ ಇಡಿ. ಅವುಗಳ ಚೌಕಟ್ಟುಗಳನ್ನು ಮಾತ್ರ ಹೊರತೆಗೆದು ಪ್ರತ್ಯೇಕವಾಗಿ ಕಟ್ಟಿಡಿ, ಸಾಕಣೆಯ ಪೆಟ್ಟಿಗೆಗಳಿಗೆ ಮತ್ತೆ ಬೆರೆಯದಂತೆ ಮೇಲ್ಪಟ್ಟಿಗಳ ಮೇಲೆ ಬಣ್ಣದ ಗುರುತು ಹಾಕಿ.